ಬೊಂಬೆಯ ಅಂಗಿ

ಅಥೆನ್ಸ್, 1908

ನಾಟಕದ ಯಜಮಾನರಾದ ಥೆಮಿಸ್ತೊಕ್ಲಿಸ್ ಅವರಿಗೆ,

ಮಾನಿ ಸೀಮೆಯ ಗರುಫಾಲ್ಯಾಳ ನಮಸ್ಕಾರ. ನನಗೆ ಅಕ್ಷರ ಬಾರದು, ನಮ್ಮ ಬೀದಿಯ ಪಾದ್ರಿಗಳು ಬರೆದುಕೊಡುತ್ತಿದ್ದಾರೆ.

ಸತ್ತವರ ಮುಂದೆ ಹಾಡಿಕೊಂಡು ಅಳುವುದನ್ನು ನಿಮ್ಮ ಹುಡುಗಿಯರಿಗೆ ಕಲಿಸಲು ನನ್ನನ್ನು ಕರೆಸಿದಿರಿ. ರಾಜನ ಮಾತು ಮೀರಿ ಅಣ್ಣನನ್ನು ಮಣ್ಣು ಮಾಡುವ ತಂಗಿಯ ಹಳೇ ನಾಟಕ, ಹೆಣದ ಜಾಗದಲ್ಲಿ ಹುಲ್ಲಿನ ಬೊಂಬೆ. "ಹೆಸರಿಲ್ಲದ ಹೆಣಕ್ಕೆ ನಮ್ಮೂರಲ್ಲಿ ಅಳೋದಿಲ್ಲ, ಅತ್ತರೆ ಮನೆಗೆ ಕೇಡು" ಅಂದೆ. "ನಿಂಗೆ ಬೇಕಾದ ಹೆಸರಿಡಜ್ಜಿ, ಬೊಂಬೆ ಏನು ಬೇಡ ಅನ್ನುತ್ತಾ?" ಅಂತ ನಕ್ಕಿರಿ.

ಇಟ್ಟೆ. ಮಾರನೇ ದಿನ ಅದಕ್ಕೊಂದು ಅಂಗಿಯನ್ನೂ ತೊಡಿಸಿದೆ. "ರಾಜಕುಮಾರ ಇಂಥ ಹರಕಲು ಹಾಕ್ಕೋತಾನಾ?" ಅಂತ ಬೈದು ನೀವು ಮೇಲೊಂದು ಕೆಂಪು ಶಾಲು ಹೊದಿಸಿದಿರಿ. ಅದು ನನ್ನ ಮಗ ಲಿಗೋರಿಯ ಅಂಗಿ. ಅವನ ಹಡಗು ಮುಳುಗಿ ವರ್ಷಗಳಾದವು, ಹೆಣ ದಡಕ್ಕೆ ಬರಲಿಲ್ಲ. ಬದುಕಿ ಬರುತ್ತಾನೆಂದು ಕಾಯುತ್ತಾ ನಾನು ಅತ್ತಿರಲೇ ಇಲ್ಲ. ಮೊದಲು ಅತ್ತಿದ್ದು ನಿಮ್ಮ ನಾಟಕದಲ್ಲಿ.

ಮುಂದಿನ ವಾರದ ಹಾಸ್ಯ ನಾಟಕದಲ್ಲಿ ಅದೇ ಬೊಂಬೆಗೆ ಕುಡುಕನ ವೇಷವಂತೆ. ದಯವಿಟ್ಟು ಬೇಡ. ನನಗೆ ಕೊಡಿ, ಮಣ್ಣು ಮಾಡುತ್ತೇನೆ. ಶಾಲು ನಿಮ್ಮದು, ಒಗೆದು ಮರಳಿಸುತ್ತೇನೆ.

ಹುಲ್ಲಿಗೆಲ್ಲ ಪ್ರಾರ್ಥನೆ ಹೇಳಲಾಗದು ಎಂದು ಇದನ್ನು ಬರೆಯುತ್ತಿರುವ ಪಾದ್ರಿಗಳೇ ಗೊಣಗುತ್ತಿದ್ದಾರೆ. ಹೇಳದಿದ್ದರೆ ಬಿಡಲಿ. ಊರಿಗೆ ಊರೇ ಟಿಕೆಟ್ ಕೊಂಡು ಬಂದು ಅವನಿಗಾಗಿ ಅತ್ತು ಹೋಗಿದೆ.

ಇತಿ,
ಲಿಗೋರಿಯ ತಾಯಿ
ಗರುಫಾಲ್ಯಾಳ ಹೆಬ್ಬೆಟ್ಟು