ಅಪ್ಪನ ಬೋಟ್ ಯಾರ ಹೆಸರಿನಲ್ಲಿ ಮುಳುಗಿತು?

ಕಡಲ ಸುರಕ್ಷಾ ಜಾಲ ಯೋಜನೆಯ ಮಾನ್ಯ ನಿರ್ದೇಶಕರೇ,

ಕಳೆದ ಮಾರ್ಚ್‌ನಲ್ಲಿ ನನ್ನ ಅಪ್ಪ ದೂಮಪ್ಪ ಅರಬ್ಬಿ ಸಮುದ್ರದಲ್ಲಿ ತೀರಿಕೊಂಡರು. ನಿಮ್ಮ ಕಂಪ್ಯೂಟರಿನ ಪ್ರಕಾರ ಆ ದಿನ ಯಾವ ಬೋಟಿಗೂ ಏನೂ ಆಗಿಲ್ಲ. ಈ ಎರಡರಲ್ಲಿ ಒಂದನ್ನು ದಯವಿಟ್ಟು ತಿದ್ದಿ. ಅಪ್ಪನನ್ನು ತಿದ್ದುವುದು ನನ್ನಿಂದ ಸಾಧ್ಯವಿಲ್ಲ.

ಬೆಳಿಗ್ಗೆ ಆರೂ ನಲವತ್ತಕ್ಕೆ ಬೋಟಿನ ಅಡಿ ಒಡೆದು ನೀರು ನುಗ್ಗಿತು. ಒಳಗಿದ್ದವರು ಐದು ಜನ. ಅವರಲ್ಲಿ ನನ್ನ ಅಣ್ಣ ಯೋಗೀಶನೂ ಒಬ್ಬ. ನಿಮ್ಮ ಯೋಜನೆಯವರೇ ಕೂರಿಸಿದ ಯಂತ್ರದ ಕೆಂಪು ಗುಂಡಿಯನ್ನು ಅಪ್ಪ ಒತ್ತಿದರು. ಸಂದೇಶ ತಲುಪಿದೆ ಎಂದು ಹಸಿರು ದೀಪ ಉರಿಯಿತು. ಬೋಟ್ ಮುಳುಗಿದ ಮೇಲೆ ಎಲ್ಲರೂ ಖಾಲಿ ಕ್ಯಾನ್‌ಗಳನ್ನು ಹಿಡಿದು ತೇಲಿದರು. ಅಪ್ಪ ಅಣ್ಣನಿಗೆ ತುಳುವಿನಲ್ಲಿ ಹೇಳುತ್ತಲೇ ಇದ್ದರಂತೆ: "ಬರ್ಪೆರ್ ಮಗಾ, ಬರ್ಪೆರ್." ಬರುತ್ತಾರೆ, ಬರುತ್ತಾರೆ. ಹತ್ತು ಗಂಟೆಯ ಹೊತ್ತಿಗೆ ಅಪ್ಪನ ಕೈ ಸೋತಿತು. ಅಣ್ಣ ಅಂಗಿಯ ಕಾಲರ್ ಹಿಡಿದುಕೊಂಡ. ಅಂಗಿ ಹರಿಯಿತು. ಮುಕ್ಕಾಲು ಗಂಟೆಯ ಬಳಿಕ ಆ ದಾರಿಯಾಗಿ ಬಂದ ಬೇರೊಂದು ಬೋಟಿನವರು ಉಳಿದ ನಾಲ್ವರನ್ನು ಎತ್ತಿಕೊಂಡರು. ಅಪ್ಪ ಮೂರನೆಯ ದಿನ ಸಿಕ್ಕಿದರು.

ನೀವು ಕರೆ ಮಾಡಲಿಲ್ಲ ಎಂದು ನಾನು ಹೇಳುವುದಿಲ್ಲ. ಆರೂ ಐವತ್ತೆರಡಕ್ಕೆ ನಿಮ್ಮ ನಿಯಂತ್ರಣ ಕೊಠಡಿಯಿಂದ ಶೆರ್ವಿನ್ ಎಂಬವರಿಗೆ ಕರೆ ಹೋಗಿದೆ. ಆ ಬೋಟನ್ನು ಎರಡು ವರ್ಷದ ಹಿಂದೆ ಅಪ್ಪನಿಗೆ ಮಾರಿದವರು ಅವರು. "ನಿಮ್ಮ ಬೋಟ್ ಸರಿ ಉಂಟಾ?" ಎಂದು ಕೇಳಿದ್ದಾರೆ. ಅವರು ಬಂದರಿನಲ್ಲಿ ಕಟ್ಟಿದ್ದ ತಮ್ಮ ಹೊಸ ಬೋಟನ್ನು ನೋಡಿ "ಇಲ್ಲೇ ದಕ್ಕೆಯಲ್ಲಿ ಉಂಟಲ್ಲ" ಎಂದಿದ್ದಾರೆ. ಕೂಡಲೇ ನಿಮ್ಮವರು "ಸುಳ್ಳು ಎಚ್ಚರಿಕೆ" ಎಂದು ಬರೆದು ಕಡತ ಮುಚ್ಚಿದರು. ಹದಿನಾಲ್ಕು ನಿಮಿಷದಲ್ಲಿ ವಿಲೇವಾರಿ! ಆ ತಿಂಗಳ ನಿಮ್ಮ ಸಾಧನೆಯ ವರದಿಯಲ್ಲಿ ಇದೂ ಸೇರಿರಬಹುದು. ಅಪ್ಪನ ಉತ್ತರಕ್ರಿಯೆಯ ದಿನ, ಬೊಜ್ಜದ ದಿನ, ಶೆರ್ವಿನ್ ನಮ್ಮ ಬೋಳಾರದ ಮನೆಗೆ ಬಂದು ಜಗಲಿಯಲ್ಲಿ ಕುಳಿತು ಅತ್ತರು. "ಬೋಟಿನ ಹೆಸರು ಒಂದು ಹೇಳಿದ್ದರೆ ಸಾಕಿತ್ತು ಮಾರಾಯ್ತಿ, ನಾನೇ ಓಡ್ತಿದ್ದೆ" ಎಂದರು. ನನ್ನ ಅಮ್ಮ ಅಕ್ಕು, ಶೆರ್ವಿನ್‌ಗೆ ನೀರು ಕೊಟ್ಟರು.

ಹಾಗಾದರೆ ಅಪ್ಪ ಬೋಟನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡಿರಲಿಲ್ಲವೇ? ವಾರದೊಳಗೆ ಮಾಡಿಸಿದ್ದರು. ನಿಮ್ಮ ನೋಂದಣಿ ವಿಭಾಗ ಕೊಟ್ಟ ಕಾರ್ಡ್ ನನ್ನ ಬಳಿ ಇದೆ. ಆದರೆ ನಿಯಂತ್ರಣ ಕೊಠಡಿಯ ಕಂಪ್ಯೂಟರಿನಲ್ಲಿ ಬೇರೆಯೇ ಪಟ್ಟಿ ಇದೆ, ಅದರಲ್ಲಿ ಇನ್ನೂ ಶೆರ್ವಿನ್ ಹೆಸರೇ ಇದೆ ಎಂದು ಅಪ್ಪನಿಗೆ ಯಾರೂ ಹೇಳಲಿಲ್ಲ. ಒಂದೇ ಯೋಜನೆ, ಒಂದೇ ಕಟ್ಟಡ. ಒಂದು ಕಡೆ ಬರೆಸಿದ್ದು ಇನ್ನೊಂದು ಕಡೆಗೂ ಗೊತ್ತಾಗುತ್ತದೆ ಎಂದು ನಂಬಿದ್ದು ಅಪ್ಪನ ತಪ್ಪು.

ಕದ್ರಿಯ ನಿಮ್ಮ ಕಚೇರಿಗೆ ನಾನು ನಾಲ್ಕು ಸಲ ಬಂದೆ. ಕೆಳಮಹಡಿಯಲ್ಲಿ ನೋಂದಣಿಯವರು ಪರದೆ ತಿರುಗಿಸಿ ತೋರಿಸಿದರು: "ನಮ್ಮಲ್ಲಿ ನಿಮ್ಮ ತಂದೆಯ ಹೆಸರು ಸರಿಯಾಗಿಯೇ ಉಂಟಲ್ಲ, ಎಂತ ಸಮಸ್ಯೆ?" ಮೇಲ್ಮಹಡಿಯಲ್ಲಿ ತಾಂತ್ರಿಕ ಅಧಿಕಾರಿ ಹೇಳಿದರು: "ಸಿಸ್ಟಮ್‌ನಲ್ಲಿ ಎಂತದೂ ದೋಷ ಇಲ್ಲ ಮೇಡಂ. ಸಿಗ್ನಲ್ ಬಂದಿದೆ, ಕಾಲ್ ಹೋಗಿದೆ. ಡೇಟಾ ನಮ್ಮದಲ್ಲ." ಎಲ್ಲರೂ ಸರಿ. ಹಾಗಾದರೆ ನನ್ನ ಅಪ್ಪ ಹೇಗೆ ಸತ್ತರು ಸ್ವಾಮಿ?

ನನಗೆ ಈ ವಿದ್ಯೆ ತಿಳಿಯದು ಎಂದುಕೊಳ್ಳಬೇಡಿ. ಬೈಕಂಪಾಡಿಯ ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗದಲ್ಲಿ ಒಂಬತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಯಾವ ಕೆಲಸ ಯಾರದ್ದು, ಅದಕ್ಕೆ ಯಾವ ಮಾಹಿತಿ ಬೇಕು, ಆ ಮಾಹಿತಿ ಯಾವ ಯಂತ್ರದಿಂದ ಯಾವ ಯಂತ್ರಕ್ಕೆ ಹೋಗಬೇಕು ಎಂದು ಇಡೀ ಸಂಸ್ಥೆಯ ನಕ್ಷೆ ಬರೆಯುವ ಕೆಲಸ. ಅದಕ್ಕೆ ಎಂಟರ್‌ಪ್ರೈಸ್ ಆರ್ಕಿಟೆಕ್ಚರ್ ಎಂಬ ಭಾರೀ ಹೆಸರಿದೆ. ನಿಮ್ಮ ನೂರ ನಲವತ್ತು ಪುಟಗಳ ಯೋಜನಾ ವರದಿಯಲ್ಲಿ ಆ ಹೆಸರು ಮೂವತ್ತೊಂದು ಸಲ ಬಂದಿದೆ, ನಾನು ಎಣಿಸಿದ್ದೇನೆ. ಬಣ್ಣಬಣ್ಣದ ಚೌಕಗಳೂ ಇವೆ. ಆದರೆ ಬೋಟ್ ಮಾರಾಟವಾದರೆ ಏನಾಗುತ್ತದೆ ಎಂಬ ಪ್ರಶ್ನೆ ಒಂದು ಪುಟದಲ್ಲೂ ಇಲ್ಲ. ನಮ್ಮ ಕಾರ್ಖಾನೆಯಲ್ಲಿ ಒಂದು ಬೋಲ್ಟಿನ ಲೆಕ್ಕ ಸರಿಪಡಿಸಲು ಉಗ್ರಾಣದವರ ಜೊತೆ ಮೂರು ವಾರ ಕುಳಿತಿದ್ದೇವೆ. ನಿಮ್ಮ ತಜ್ಞರು ದಕ್ಕೆಗೆ ಒಂದು ದಿನವಾದರೂ ಬಂದಿದ್ದರೇ? ಬಂದಿದ್ದರೆ ಯಾವ ಮೀನುಗಾರನಾದರೂ ಹೇಳುತ್ತಿದ್ದ: ಇಲ್ಲಿ ಬೋಟುಗಳು ಕೈ ಬದಲಾಯಿಸುತ್ತಲೇ ಇರುತ್ತವೆ.

ಒಂಬತ್ತು ವರ್ಷ ಇದೇ ಕೆಲಸ ಮಾಡಿಯೂ ಅಪ್ಪನ ಬೋಟನ್ನು ಒಮ್ಮೆ ಪರೀಕ್ಷಿಸಲಿಲ್ಲವಲ್ಲ ಎಂಬುದು ನನ್ನ ಪಾಲಿನ ತಪ್ಪು. ಅದರೊಂದಿಗೆ ನಾನು ಬದುಕುತ್ತೇನೆ. ಆದರೆ ಈಗ ಪರೀಕ್ಷಿಸಿದ್ದೇನೆ. ಕಳೆದ ಭಾನುವಾರ ಪುಸ್ತಕ ಹಿಡಿದು ದಕ್ಕೆಯಲ್ಲಿ ನಡೆದೆ. ವಿಚಾರಿಸಿದ ನಲವತ್ತು ಬೋಟುಗಳಲ್ಲಿ ಹನ್ನೊಂದರ ಬಗ್ಗೆ ನಿಮ್ಮ ಯೋಜನೆಯ ಸಂದೇಶಗಳು ಇನ್ನೂ ಹಳೆಯ ಮಾಲೀಕರ ಫೋನಿಗೇ ಬರುತ್ತಿವೆ; ಅಪಾಯದ ಕರೆಯೂ ಅವರಿಗೇ ಹೋಗುತ್ತದೆ. ಆ ಹನ್ನೊಂದರ ಪೈಕಿ ಒಂದರಲ್ಲಿ ಅಣ್ಣ ಕೆಲಸಕ್ಕೆ ಸೇರಿದ್ದಾನೆ. ಬೇಡ ಎಂದರೆ, "ಬೇರೆ ಕೆಲಸ ಎಂತ ಗೊತ್ತುಂಟು ನನಗೆ?" ಎನ್ನುತ್ತಾನೆ. ತಿದ್ದುಪಡಿಗೆ ನಾನು ಕೊಟ್ಟ ಮೂರು ಅರ್ಜಿಗಳಿಗೂ ನಿಮ್ಮ ಜಾಲತಾಣದ ಉತ್ತರ ಒಂದೇ: "ದಾಖಲೆ ಹೊಂದಾಣಿಕೆಯಾಗುತ್ತಿಲ್ಲ."

ಮಳೆಗಾಲದ ನಿಷೇಧ ಮುಗಿದು ಬೋಟುಗಳು ಹೊರಡಲು ಇನ್ನು ಒಂಬತ್ತು ದಿನ. ಹೊಸ ತಂತ್ರಾಂಶ ಬೇಡ, ಸಮಿತಿ ಬೇಡ. ದಕ್ಕೆಯಲ್ಲಿ ಒಂದು ಮೇಜು ಹಾಕಿಸಿ, ಎರಡೂ ಮಹಡಿಯವರನ್ನು ಅದೇ ಮೇಜಿನಲ್ಲಿ ಕೂರಿಸಿ. ಪ್ರತಿ ಬೋಟಿನ ಗುಂಡಿಯನ್ನು ಒಮ್ಮೆ ಒತ್ತಿಸಿ, ಯಾರ ಫೋನ್ ರಿಂಗಾಗುತ್ತದೆ ಎಂದು ನೋಡಿ, ತಪ್ಪಿದ್ದರೆ ಅಲ್ಲೇ ತಿದ್ದಿ. ಅಷ್ಟೂ ಆಗದಿದ್ದರೆ, ಆ ಗುಂಡಿ ಒತ್ತಿದರೆ ಯಾರೂ ಬರುವುದಿಲ್ಲ ಎಂದು ನಿಮ್ಮ ಸಹಿ ಹಾಕಿ ಒಂದು ಕಾಗದ ಕೊಡಿ. ಅಣ್ಣ ನನ್ನ ಮಾತು ಕೇಳುತ್ತಿಲ್ಲ. ಸರಕಾರಿ ಕಾಗದವನ್ನಾದರೂ ನಂಬಿಯಾನು.

ಇಂತಿ,
ನಿಮ್ಮ ದಾಖಲೆಗೆ ಹೊಂದಾಣಿಕೆಯಾಗದವಳು,
ಜ್ಯೋತ್ಸ್ನಾ, ಬೋಳಾರ