ಎಲೆಗೆ ಅಡ್ಡ ಬಂದ ಕೈ

ವೇಣೂರು
೧೩ ನವೆಂಬರ್ ೨೦೨೫, ಗುರುವಾರ

ನನ್ನ ಪ್ರೀತಿಯ ತೃಷಾ,

ಫೋನಿನಲ್ಲಿ ಬೈಯಲಿಕ್ಕೆ ಹೊರಟರೆ ನೀನು ಹ್ಞೂಂ ಅಕ್ಕ, ಹ್ಞೂಂ ಅಕ್ಕ ಅಂತ ಹೇಳಿ, ಕ್ಲಾಸಿಗೆ ಹೊತ್ತಾಯಿತು ಅಂತ ಕಟ್ ಮಾಡ್ತೀಯ. ಕಾಗದವನ್ನು ಹಾಗೆ ಕಟ್ ಮಾಡ್ಲಿಕ್ಕೆ ಆಗುವುದಿಲ್ಲ. ಅದಕ್ಕೇ ಅಂಗಡಿಯ ಶಟರ್ ಅರ್ಧ ಎಳೆದು, ಹೊಲಿಗೆ ಮಿಷನ್ನಿನ ಮೇಲೆಯೇ ಕಾಗದ ಇಟ್ಟುಕೊಂಡು ಕೂತಿದ್ದೇನೆ. ನಾಳೆ ನಮ್ಮವರು ಹೋಟೆಲಿನ ಸಾಮಾನಿಗೆ ಮೂಡುಬಿದಿರೆಗೆ ಬರ್ತಾರೆ, ನಿನ್ನ ಹಾಸ್ಟೆಲಿನ ಗೇಟಿನಲ್ಲಿ ಕೊಟ್ಟು ಹೋಗ್ತಾರೆ. ಪೂರ್ತಿ ಓದು. ಕೋಪ ಮಾಡುವುದಿದ್ದರೆ ಆಮೇಲೆ ಮಾಡು.

ನಮ್ಮ ವಾಟ್ಸಾಪ್ ಗುಂಪಿನಲ್ಲಿ ಹೊಟ್ಟೆ ಸಣ್ಣ ಮಾಡುವ ಆಪರೇಷನ್ ಆಗಲಿಕ್ಕೆ ಇರುವವರಿಗೆ ಆದವರೊಬ್ಬರನ್ನು ಜೋಡಿ ಮಾಡುವ ಕ್ರಮ ಉಂಟಲ್ಲ, ನಿನ್ನ ಹೆಸರು ನನಗೆ ಬಂದಾಗ ನಾನು ಬೇಡ ಅಂದಿದ್ದೆ. ಈಗ ಹೇಳ್ತೇನೆ. ನನಗೆ ತಾಳ್ಮೆ ಕಡಿಮೆ, ಹುಡುಗಿ ಎರಡೇ ದಿನದಲ್ಲಿ ಓಡಿಹೋಗ್ತಾಳೆ ಅಂತ. ಬಂಟ್ವಾಳದ ಉಝ್ಮಾ, ನನ್ನನ್ನು ಕೈಹಿಡಿದು ದಾಟಿಸಿದವಳು, ಕೇಳಲೇ ಇಲ್ಲ. "ಹರಿಣಾಕ್ಷಿ, ನಾನು ನಿನಗೆ ಬೈದದ್ದಕ್ಕಿಂತ ಹೆಚ್ಚು ನೀನು ಆ ಹುಡುಗಿಗೆ ಬೈಯ್ತೀ ಅಂತ ಗೊತ್ತಿದ್ದೇ ಕೊಡ್ತಿದ್ದೇನೆ" ಅಂತ ನಗಾಡಿದಳು. ಒಳ್ಳೆಯದೇ ಆಯಿತು. ನೀನು ಓಡಲಿಲ್ಲ. ಆದರೆ ನಿನ್ನೆ ಸಂಜೆ ನೀನು ಹೇಳಿದ ಮಾತು ಕೇಳಿ ನನಗೆ ನಿದ್ರೆ ಬರಲಿಲ್ಲ.

ಸೋಮವಾರ ಆಪರೇಷನ್. ಮನೆಯಲ್ಲಿ ಪಿತ್ತಕೋಶದಲ್ಲಿ ಕಲ್ಲು ಅಂತ ಹೇಳಿದ್ದಿ. ಮೂರು ದಿನ ಮಂಗಳೂರಿನ ಆಸ್ಪತ್ರೆ, ಆಮೇಲೆ ಲಾಯಿಲಕ್ಕೆ ಹೋಗಿ ಅಮ್ಮನ ಹತ್ತಿರ ವಿಶ್ರಾಂತಿ. ಅಮ್ಮ ನೋಡಿಕೊಳ್ತಾರೆ, ಆದರೆ ಎಂತ ಆಪರೇಷನ್ ಅಂತ ಅಮ್ಮನಿಗೆ ಗೊತ್ತಿರುವುದಿಲ್ಲ. ತಿನ್ನುವುದು ಬಿಡ್ಲಿಕ್ಕೆ ಆಗದೆ ಹೊಟ್ಟೆ ಕೊಯ್ಸಿಕೊಂಡಳು ಅಂತ ಊರು ಹೇಳುವುದನ್ನು ಅಮ್ಮ ಕೇಳಬಾರದು ಅಂತ ನಿನ್ನ ಆಸೆ. ಅರ್ಥ ಆಗ್ತದೆ ಮಗಾ. ಆದರೂ ತಪ್ಪು. ಯಾಕೆ ತಪ್ಪು ಅಂತ ಹೇಳಲಿಕ್ಕೇ ಈ ಕಾಗದ.

ಮೊದಲು ನಿನ್ನ ಹೆದರಿಕೆಗಳನ್ನು ಮುಗಿಸುವ. ನೋವು ಉಂಟು, ಆದರೆ ತಡೆಯಬಹುದು. ಗ್ಯಾಸಿನ ನೋವು ಹೆಗಲಿಗೆ ಹೋಗ್ತದೆ, ಎದ್ದು ನಡೆದರೆ ಕಡಿಮೆ ಆಗ್ತದೆ. ಜ್ವರ ಬಂದರೆ, ಎದೆ ಜೋರು ಹೊಡೆದುಕೊಂಡರೆ, ಗುಂಪಿನಲ್ಲಿ ಕೇಳುತ್ತಾ ಕೂರಬೇಡ, ಸೀದಾ ಆಸ್ಪತ್ರೆಗೆ ಫೋನ್ ಮಾಡು. ಕೂದಲು ಉದುರ್ತದೆ. ನನ್ನ ಬಾಚಣಿಗೆ ನೋಡಿ ನಾನು ಅತ್ತದ್ದು ಉಂಟು, ಮತ್ತೆ ಬಂತು. ಚರ್ಮ ಜೋತು ಬೀಳ್ತದೆ. ವಿಟಮಿನ್ ಮಾತ್ರೆ ಬದುಕಿಡೀ ಉಂಟು, ಅದರಲ್ಲಿ ಚೌಕಾಸಿ ಇಲ್ಲ. ಊಟದ ಜೊತೆ ನೀರು ಕುಡಿಯುವ ಹಾಗಿಲ್ಲ. ನಾನು ಮೀನು ಸಾರು ತಿಂದು ಚೊಂಬು ನೀರು ಕುಡಿಯುವವಳು, ಅದೊಂದು ಬಿಡಲಿಕ್ಕೆ ಪಟ್ಟ ಕಷ್ಟ ನನಗೇ ಗೊತ್ತು.

ಹೇಳಬೇಕಾದ ಬೇರೆ ಒಂದು ಉಂಟು, ಅದನ್ನು ಯಾವ ಡಾಕ್ಟರೂ ನನಗೆ ಸರಿಯಾಗಿ ಹೇಳಿರಲಿಲ್ಲ. ಹುಟ್ಟಿದಾಗಿನಿಂದ ನನ್ನ ತಲೆಯೊಳಗೆ ಯಾರೋ ಮಾತಾಡ್ತಲೇ ಇದ್ದರು. ದೋಸೆ ಇನ್ನೊಂದು ಉಂಟಾ, ಮಧ್ಯಾಹ್ನಕ್ಕೆಂತ, ಡಬ್ಬಿಯಲ್ಲಿ ಏನಾದರೂ ಉಳಿದಿದೆಯಾ. ಬಟ್ಟೆ ಕತ್ತರಿಸುವಾಗಲೂ ಅದೇ, ದೇವರಿಗೆ ಕೈ ಮುಗಿಯುವಾಗಲೂ ಅದೇ. ಎಲ್ಲರಿಗೂ ಹಾಗೆಯೇ ಅಂತ ತಿಳಿದಿದ್ದೆ, ಬೇರೆಯವರು ಗಟ್ಟಿಗರು, ನಾನು ಮಾತ್ರ ಆಸೆಬುರುಕಿ ಅಂತ. ಆಪರೇಷನ್ನಿನ ಮರುದಿನ ಬೆಳಿಗ್ಗೆ ಆಸ್ಪತ್ರೆಯ ಕಿಟಕಿಯ ಹತ್ತಿರ ಕೂತಿದ್ದೆ. ಆ ಮಾತು ಇರಲಿಲ್ಲ. ತೋಟದ ಪಂಪು ಹಗಲಿಡೀ ಓಡಿ, ಕರೆಂಟು ಹೋಗಿ ಥಟ್ಟನೆ ನಿಂತಾಗ ಹಕ್ಕಿಗಳ ಸದ್ದು ಕೇಳ್ತದಲ್ಲ, ಹಾಗೆ. ಇಷ್ಟು ಸುಮ್ಮನಿರುವ ತಲೆಯನ್ನು ಹೊತ್ತುಕೊಂಡು ಬೇರೆಯವರೆಲ್ಲ ಇಷ್ಟು ವರ್ಷ ಓಡಾಡ್ತಿದ್ದರಾ ಅಂತ ನೆನೆಸಿ ಅಳು ಬಂತು. ನಾನು ಕೆಟ್ಟವಳಾಗಿರಲಿಲ್ಲ ತೃಷಾ. ನನ್ನ ಮೈಯೊಳಗೆ ಒಂದು ರೋಗ ಇತ್ತು, ಅಷ್ಟೇ. ವರ್ಷ ಕಳೆದ ಮೇಲೆ ಆ ಮಾತು ಮೆಲ್ಲಗೆ ತಿರುಗಿ ಬರ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಈಗ ಅದು ಪಕ್ಕದ ಮನೆಯ ರೇಡಿಯೋ ಇದ್ದ ಹಾಗೆ, ನನ್ನದಲ್ಲ ಅಂತ ಗೊತ್ತುಂಟು.

ಇನ್ನು ನಿನ್ನ ಪಿತ್ತಕೋಶದ ಕಲ್ಲಿನ ವಿಷಯ. ಆ ಕಲ್ಲು ಹೊಸದಲ್ಲ ಮಾರಾಯ್ತಿ, ನಮ್ಮವರೂ ಅದನ್ನೇ ಹೇಳಿದ್ದರು. ನನಗೆ ಸಕ್ಕರೆ ಕಾಯಿಲೆ ಏರಿ, ಮಂಡಿ ಹೋಗಿ, ಮಲಗಿದರೆ ಉಸಿರು ಕಟ್ಟುವ ಹಾಗಾದಾಗ ಡಾಕ್ಟರು ಈ ಆಪರೇಷನ್ ಹೇಳಿದರು. ನಮ್ಮವರು ಒಳ್ಳೆಯವರೇ, ಆದರೆ ಹೋಟೆಲಿನವರಿಗೆ ಜನರ ಬಾಯಿಯ ಹೆದರಿಕೆ ಜಾಸ್ತಿ. ಶಂಭುವಿನ ಹೆಂಡತಿಗೆ ಕಲ್ಲು ಅಂತ ಊರಿಗೂ ಹೇಳಿದರು, ಸ್ವಂತ ತಾಯಿಗೂ ಅದನ್ನೇ ಹೇಳಿದರು.

ನನ್ನ ಅತ್ತೆ ಪ್ರೇಮಾವತಿಯವರನ್ನು ನೀನು ನೋಡಿಲ್ಲ. ಅವರ ಅಂಗಳಕ್ಕೆ ಕಾಲಿಟ್ಟವರು ಉಣ್ಣದೆ ಹೋದದ್ದೇ ಇಲ್ಲ, ಕರೆಂಟ್ ಬಿಲ್ ಕೊಡಲಿಕ್ಕೆ ಬಂದವನೂ ಎರಡು ನೀರುದೋಸೆ ತಿಂದೇ ಹೋಗಬೇಕು. ನಾನು ಆಸ್ಪತ್ರೆಯಿಂದ ಬರುವ ದಿನ ಬೆಳಗಾಗುವ ಮೊದಲೇ ಎದ್ದು ಸೌದೆ ಒಲೆಯಲ್ಲಿ ಕುಚ್ಚಲಕ್ಕಿ ಗಂಜಿ ಇಟ್ಟಿದ್ದರು. ಜ್ವರವಿರಲಿ, ಹೆರಿಗೆಯಿರಲಿ, ಕಾಲು ಮುರಿದಿರಲಿ, ನಮ್ಮ ಕಡೆ ಮದ್ದಿಗಿಂತ ಮೊದಲು ಬರುವುದು ಆ ಗಂಜಿ. ನನಗೆ ಆಸ್ಪತ್ರೆಯಲ್ಲಿ ಎರಡು ವಾರ ಸೋಸಿದ ನೀರಿನಂಥದ್ದು ಮಾತ್ರ ಅಂತ ಹೇಳಿ ಕಳಿಸಿದ್ದರು. ಅತ್ತೆ ಮಂಚದ ಮೇಲೆ ಕೂತು, ಅಗುಳು ಹಿಸುಕಿ, ಮೇಲೆ ತುಪ್ಪ ಬಿಟ್ಟು, ಬಾಯಿ ತೆರೆ ಅಂದರು. ನಾನು ನಮ್ಮವರ ಮುಖ ನೋಡಿದೆ. ಅವರು ಫ್ಯಾನ್ ನೋಡಿದರು. ಹನ್ನೊಂದು ಹೊಲಿಗೆ ಹಾಕಿದ ಹೊಟ್ಟೆಯ ನೋವು ತಡೆಯುವುದಕ್ಕಿಂತ ಆ ಚಮಚ ಹಿಡಿದ ಕೈಗೆ ಬೇಡ ಅನ್ನುವುದು ನನಗೆ ಕಷ್ಟವಾಯಿತು. ಬಾಯಿ ತೆರೆದೆ.

ಮಧ್ಯಾಹ್ನದ ಹೊತ್ತಿಗೆ ನಾನು ನೆಲದ ಮೇಲೆ ಬಿದ್ದು ಹೊರಳ್ತಿದ್ದೆ. ವಾಂತಿ ನಿಲ್ಲಲಿಲ್ಲ. ಕಾರು ಹಿಡಿದು ಮಂಗಳೂರಿಗೆ ಓಡಿಸಿದರು, ಅತ್ತೆಯ ತೊಡೆಯ ಮೇಲೆ ನನ್ನ ತಲೆ. ಎಮರ್ಜೆನ್ಸಿಯಲ್ಲಿ ಒಬ್ಬ ಸಣ್ಣ ಪ್ರಾಯದ ಡಾಕ್ಟರು, ಹೊಟ್ಟೆಯನ್ನು ಬಾಳೆಹಣ್ಣಿನಷ್ಟು ಸಣ್ಣ ಮಾಡಿದವರಿಗೆ ಅನ್ನ ಯಾರು ಕೊಟ್ಟದ್ದು ಅಂತ ಎಲ್ಲರೆದುರು ಕೇಳಿದರು. ಅತ್ತೆಗೆ ವಿಷಯ ಗೊತ್ತಾದದ್ದು ಹಾಗೆ. ಹೊಲಿಗೆ ಬಿಟ್ಟಿರಲಿಲ್ಲ, ನನ್ನ ಪುಣ್ಯ. ಬಿಟ್ಟಿದ್ದರೆ ಈ ಕಾಗದ ಬರೆಯಲಿಕ್ಕೆ ನಾನು ಇರ್ತಿರಲಿಲ್ಲ.

ಎರಡು ದಿನ ಇಟ್ಟುಕೊಂಡು ಕಳಿಸಿದರು. ವಾಪಸು ಬರುವಾಗ, ಮೂಡುಬಿದಿರೆ ದಾಟಿದ ಮೇಲೆ, ಅತ್ತೆ ಮುಂದಿನ ಸೀಟಿನಲ್ಲಿದ್ದ ಮಗನಿಗೆ, ಎಷ್ಟು ಮೆಲ್ಲಗೆ ಅಂದರೆ ಡ್ರೈವರಿಗೂ ಕೇಳಿಸಿರಲಿಕ್ಕಿಲ್ಲ, ಹೇಳಿದರು: "ನನ್ನ ಕೈಯಿಂದಲೇ ಇವಳನ್ನು ಕೊಲ್ಲಿಸ್ತಿದ್ದಿಯಲ್ಲ ಶಂಭು."

ನಮ್ಮವರು ಕರ್ಚೀಫಿನಲ್ಲಿ ಮುಖ ಮುಚ್ಚಿಕೊಂಡರು. ಊರಿನ ಬಾಯಿಗೆ ಹೆದರಿ ನಾವು ಅವರಿಗೆ ಮಾಡಿದ್ದು ಎಂತ ಅಂತ ನನಗೆ ಆಗ ಗೊತ್ತಾಯಿತು.

ಇನ್ನು ಮೇಲೆ ಹೇಳುವುದನ್ನು ಈಗಲೂ ನೆನೆಸಿದರೆ ನನಗೆ ಆಶ್ಚರ್ಯ ಮುಗಿಯುವುದಿಲ್ಲ. ಮರುದಿನವೇ ಅತ್ತೆ ನನ್ನ ಫೋನಿನಿಂದ ಡಯೆಟಿಷಿಯನ್‌ಗೆ ಫೋನ್ ಹಚ್ಚಿಸಿ, ಎಲ್ಲವನ್ನೂ ಮೊದಲಿನಿಂದ ಹೇಳು ಮಗಳೇ ಅಂತ ಕೂತರು. ಹುರುಳಿ ಬೇಯಿಸಿ ಅದರ ಕಟ್ಟನ್ನು ತೆಳು ಬಟ್ಟೆಯಲ್ಲಿ ಸೋಸಿದರು, ಮತ್ತೊಮ್ಮೆ ಸೋಸಿದರು. ಪ್ರೋಟೀನ್ ಪುಡಿಯನ್ನು ಮೂಸಿ, ಇದಕ್ಕಿಂತ ದನದ ಹಿಂಡಿ ವಾಸಿ ಅಂದರು, ಆದರೂ ಗಂಟು ಬಾರದ ಹಾಗೆ ಕಲಸಿ ಕೊಟ್ಟರು. ಜನ ರೋಗಿಯನ್ನು ನೋಡಲಿಕ್ಕೆ ಅಂತ ಬ್ರೆಡ್ಡು, ದ್ರಾಕ್ಷಿ, ಹಾರ್ಲಿಕ್ಸ್ ಹಿಡಿದುಕೊಂಡು ಬಂದರಲ್ಲ, ಮೆಟ್ಟಿಲಲ್ಲೇ ನಿಂತು, ಅವಳಿಗೆ ಕಲ್ಲೂ ಇಲ್ಲ ಮಣ್ಣೂ ಇಲ್ಲ, ಹೊಟ್ಟೆ ಸಣ್ಣ ಮಾಡಿಸಿದ್ದೇವೆ, ತಿನ್ನಲಿಕ್ಕೆ ಕೊಡಬೇಡಿ ಅಂತ ಎಲ್ಲರಿಗೂ ಹೇಳಿದರು. ಮಾಡಿಸಿದ್ದೇವೆ ಅಂದರು. ಆ ಮಾತಿನಿಂದ ನನಗೆ ಸಿಕ್ಕ ಧೈರ್ಯ ಯಾವ ಮಾತ್ರೆಯಿಂದಲೂ ಸಿಗಲಿಲ್ಲ. ಊರು ಮಾತಾಡಿತು. ಸ್ವಲ್ಪ ದಿನ ಚೆನ್ನಾಗಿಯೇ ಮಾತಾಡಿತು. ಆಮೇಲೆ ಯಾರದೋ ಮಗಳ ಮದುವೆ ಮುರಿಯಿತು, ನನ್ನ ಹೊಟ್ಟೆಯನ್ನು ಬಿಟ್ಟರು.

ಮತ್ತೆ ಬೆಳ್ತಂಗಡಿಯಲ್ಲಿ ಒಂದು ಮದುವೆ. ಆಪರೇಷನ್ ಆದ ಮೇಲೆ ನಾನು ಪಂಕ್ತಿಯಲ್ಲಿ ಕೂತದ್ದು ಅದೇ ಮೊದಲು. ಒತ್ತಾಯ ಮಾಡದೆ ಬಡಿಸಿದರೆ ನಮ್ಮಲ್ಲಿ ಮದುವೆ ಅಂತಲೇ ಲೆಕ್ಕ ಇಲ್ಲ, ನಿನಗೆ ಗೊತ್ತುಂಟು. ಅತ್ತೆ ನನ್ನ ಪಕ್ಕದಲ್ಲಿ. ಪಾಯಸದವನು ಬಂದ. ನಾನು ಬೇಡ ಅಂದೆ. ಅವನು ನಗಾಡಿ, ಒಂದು ಸೌಟು ಅಕ್ಕ ಅಂತ ಬಗ್ಗಿಸಿಯೇ ಬಿಟ್ಟ. ಆಗ ಅತ್ತೆಯ ಕೈ ನನ್ನ ಎಲೆಗೆ ಅಡ್ಡ ಬಂತು. ಬಿಸಿ ಪಾಯಸ ಆ ಕೈಯ ಮೇಲೆ ಬಿತ್ತು. ಅವರು ಕೈ ತೆಗೆಯಲಿಲ್ಲ. ಅವನು ಗಾಬರಿಯಾಗಿ ಮುಂದಿನ ಎಲೆಗೆ ಹೋದ ಮೇಲೆ ನಿಧಾನ ತೆಗೆದು, ಸೆರಗಿನಲ್ಲಿ ಒರೆಸಿಕೊಂಡು, ಪಾಯಸಕ್ಕೆ ಬೆಲ್ಲ ಕಡಿಮೆ ಆಗಿದೆ ಅಂದರು. ಜೀವಮಾನವಿಡೀ ಬಡಿಸಿಯೇ ಪ್ರೀತಿ ತೋರಿಸಿದ ಕೈ ಅದು ತೃಷಾ. ಆ ವಯಸ್ಸಿನಲ್ಲಿ ಅದು ಬೇರೆ ರೀತಿ ಪ್ರೀತಿ ಮಾಡಲಿಕ್ಕೆ ಕಲಿತದ್ದನ್ನು ನಾನು ಕಣ್ಣಾರೆ ನೋಡಿದೆ. ಡಾಕ್ಟರು ನನ್ನ ಹೊಟ್ಟೆ ಕೊಯ್ದದ್ದು ದೊಡ್ಡದೇ, ಆದರೆ ಇದರ ಮುಂದೆ ಅದು ಎಂತದ್ದೂ ಅಲ್ಲ ಅಂತ ನನಗೆ ಅನಿಸ್ತದೆ.

ಇದೊಂದು ಹೇಳಿ ಬಿಡ್ತೇನೆ. ಹೋದ ವರ್ಷ ಮೂಡುಬಿದಿರೆ ಸ್ಟ್ಯಾಂಡಿನಲ್ಲಿ ವೇಣೂರು ದಾಟಿ ಹೋಗುವ ಬಸ್ ಹತ್ತಿ ಕೂತಿದ್ದೆ. ನಾನು ದಪ್ಪ ಇದ್ದಾಗ ನನ್ನ ಪಕ್ಕದ ಸೀಟು ಯಾವಾಗಲೂ ಖಾಲಿ, ಜನ ನಿಂತುಕೊಂಡಾದರೂ ಹೋಗ್ತಿದ್ದರು. ನಿನಗೂ ಗೊತ್ತುಂಟಲ್ಲ ಅದು. ಆ ದಿನ ಒಬ್ಬಳು ಕಾಲೇಜು ಹುಡುಗಿ ಬಂದು, ಸ್ವಲ್ಪ ಆಚೆ ಹೋಗಿ ಅಕ್ಕ ಅಂದಳು. ಹೋದೆ. ಜಾಗ ಇತ್ತು! ಅವಳು ಕೂತಳು, ಪೇಟೆ ದಾಟುವಷ್ಟರಲ್ಲಿ ನನ್ನ ಹೆಗಲಿಗೆ ತಲೆ ಇಟ್ಟು ನಿದ್ರೆ ಹೋದಳು. ವೇಣೂರು ಬಂದರೂ ನನಗೆ ಏಳಲಿಕ್ಕೆ ಮನಸ್ಸಾಗಲಿಲ್ಲ, ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದುಕೊಂಡು ಬಂದೆ. ನಡೆದೆ ಅಂತ ಹೇಳಿದ್ದು ಗಮನಿಸು. ಮಂಡಿ ನೋವಿಲ್ಲದೆ.

ಇದೆಲ್ಲ ನಿನಗೂ ಬರ್ತದೆ. ಆದರೆ ಇದು ಒಬ್ಬಳೇ ಮಾಡುವ ಕೆಲಸ ಅಲ್ಲ. ನಿನಗೆ ಅನ್ನ ಹಾಕುವವರಿಗೆ ಗೊತ್ತಿಲ್ಲದೆ ಇದನ್ನು ಮಾಡ್ಲಿಕ್ಕೆ ಆಗುವುದಿಲ್ಲ, ಮಾಡಬಾರದು. ಶನಿವಾರ ಕ್ಲಾಸ್ ಮುಗಿಸಿ ಲಾಯಿಲಕ್ಕೆ ಹೋಗು. ಫೋನಿನಲ್ಲಿ ಬೇಡ. ಅಮ್ಮ ಅಡುಗೆಮನೆಯಲ್ಲಿ ಇರುವಾಗ ಹೋಗಿ ಹತ್ತಿರ ಕೂತುಕೊಂಡು ಹೇಳು. ಅಮ್ಮ ಅತ್ತುಬಿಡ್ತಾರೆ ಅಂದಿ. ಅಳಲಿ ಬಿಡು, ನೀನೂ ಅಳು. ಸೋಮವಾರ ಬೆಳಿಗ್ಗೆ ಆಸ್ಪತ್ರೆಯ ಬಾಗಿಲಲ್ಲಿ ನಾನೂ ಉಝ್ಮಾನೂ ಇರ್ತೇವೆ, ಆದರೆ ಒಳಗೆ ಹೋಗುವಾಗ ನಿನ್ನ ಕೈ ಹಿಡಿಯಬೇಕಾದವರು ನಾವಲ್ಲ.

ನಿನ್ನ ಮೇಲೆ ಕೋಪವೂ ಪ್ರೀತಿಯೂ ಸಮಸಮ ಇರುವ,
ಹರಿಣಕ್ಕ
(ಹರಿಣಾಕ್ಷಿ)

ತಾ. ಕ.: ಕಾಗದ ಕವರಿಗೆ ಹಾಕಿ ಅಂಟಿಸಿಯೂ ಆಗಿತ್ತು. ಕವರ್ ಮತ್ತೆ ಹರಿದೆ. ಒಬ್ಬರಿಗೆ ಕೊಟ್ಟ ಮಾತು ಮುರಿಯುತ್ತಿದ್ದೇನೆ, ಪಾಪ ಬಂದರೆ ನನಗೇ ಬರಲಿ.

ಮಂಗಳವಾರ ನಿನ್ನ ಅಮ್ಮ ನನ್ನ ಅಂಗಡಿಗೆ ಬಂದಿದ್ದರು. ಒಂದು ಬ್ಲೌಸ್ ಪೀಸ್ ಹಿಡಿದುಕೊಂಡು, ಎರಡು ಬಸ್ ಬದಲಿಸಿ. ನಿಮ್ಮ ಲಾಯಿಲದ ಪಕ್ಕದ ಬೆಳ್ತಂಗಡಿಯಲ್ಲಿ ಟೈಲರ್ ಇಲ್ಲವಾ ಅಂತ ನಾನು ಕೇಳಿದ್ದಕ್ಕೆ ಅವರು ಅಳಲಿಕ್ಕೆ ಶುರು ಮಾಡಿದರು. ನೀನು ದಿನಾ ವೇಣೂರಿನ ಹರಿಣಕ್ಕನ ಹತ್ತಿರ ಮಾತಾಡುವುದು ಅವರಿಗೆ ಗೊತ್ತು, ಹರಿಣಾಕ್ಷಿ ಎಂತ ಮಾಡಿಸಿಕೊಂಡವಳು ಅಂತ ನನ್ನ ಅತ್ತೆಯ ದಯೆಯಿಂದ ವೇಣೂರಿನಲ್ಲಿ ಯಾರನ್ನು ಕೇಳಿದರೂ ಹೇಳ್ತಾರೆ. ಅವರಿಗೆ ಎಲ್ಲವೂ ಗೊತ್ತುಂಟು ತೃಷಾ. ಸಂಜೆಯವರೆಗೆ ನಮ್ಮ ಅಡುಗೆಮನೆಯಲ್ಲಿ ಅತ್ತೆಯ ಪಕ್ಕ ನಿಂತು ಹುರುಳಿ ಕಟ್ಟು ಸೋಸಲಿಕ್ಕೆ ಕಲಿತರು. ನೀನು ಹೇಳದೆ ಇದ್ದರೆ ಕಲ್ಲು ಅಂತ ನಂಬಿದವರ ಹಾಗೆಯೇ ಇದ್ದು ನಿನ್ನನ್ನು ನೋಡಿಕೊಳ್ತಾರಂತೆ, ನಿನಗೆ ನಾಚಿಕೆ ಆಗಬಾರದಲ್ಲ. ಹಾಗಾಗಿ ನಿನ್ನ ಹೊಟ್ಟೆಗೆ ಅವರಿಂದ ಅಪಾಯ ಇಲ್ಲ. ನಾನು ಬರೆದದ್ದು ಅದಕ್ಕಲ್ಲ.

ಬಸ್ಸಿಗೆ ಕಾಯುವಾಗ ಅವರು ನನ್ನ ಕೈ ಹಿಡಿದು ಒಂದು ಮಾತು ಕೇಳಿದರು: "ನಾನು ಬಡಿಸಿ ಬಡಿಸಿಯೇ ಅವಳಿಗೆ ಹೀಗಾಯಿತಾ?"

ಅಲ್ಲ ಅಂತ ಹೇಳಿದೆ, ಇದು ರೋಗ ಅಂತ ಹೇಳಿದೆ, ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ತಲೆ ಆಡಿಸಿದರು, ನಂಬಲಿಲ್ಲ. ನನ್ನ ಬಾಯಿಂದ ಅವರು ನಂಬುವುದಿಲ್ಲ ಮಗಾ. ಶನಿವಾರ ಹೋಗಿ ನೀನು ಹೇಳು.