ಹಳದಿ ಹಾಳೆಯ ಮೊದಲ ಸಾಲು

ಮಾರ್ಚ್ 3, ಸೋಮವಾರ
ಐವತ್ತೆರಡು ಕಾಲ್. ಗಂಟಲು ಒಣಗಿಹೋಯಿತು. ಈ ವಾರದ ಫೋನ್ ಸರ್ವೇಗೆ ಎರಡು ಹಾಳೆ, ಒಂದು ಕಾಲ್‌ಗೆ ಒಂದರಂತೆ ಸರದಿಯಲ್ಲಿ. ಬಿಳಿಯದರಲ್ಲಿ ನೇರ ಪ್ರಶ್ನೆ — "ವಿಚಾರಣೆಯಿಲ್ಲದೆ ಹಿಡಿದಿಟ್ಟವರ ಪರವಾದ ಮಾನವ ಹಕ್ಕು ಅಭಿಯಾನಕ್ಕೆ ನಿಮ್ಮ ಬೆಂಬಲ ಇದೆಯೇ?" ಹಳದಿಯಲ್ಲೂ ಅದೇ. ಆದರೆ ಮೊದಲು ಒಂದು ಸಾಲು: "ಇದರ ಹಿಂದೆ ಹೊರಗಿನವರ ಕೈವಾಡವಿದೆ ಎಂದು ಸರ್ಕಾರ ಹೇಳಿದೆ." ಹಾಳೆಯಲ್ಲಿ ಇದ್ದದ್ದು ಬಿಟ್ಟು ಒಂದು ಮಾತೂ ಆಡುವಂತಿಲ್ಲ. ಸೂಪರ್‌ವೈಸರ್ ಕೇಳಿಸಿಕೊಳ್ಳುತ್ತಿರುತ್ತಾರೆ.

ಮಾರ್ಚ್ 5
ಬಿಳಿ ಓದಿದರೆ ಹತ್ತರಲ್ಲಿ ಏಳು ಜನ ಹೂಂ ಎನ್ನುತ್ತಾರೆ. ಹಳದಿ ಓದಿದರೆ ಮೂರು. ಯಾರ ಕೈವಾಡ ಎಂದು ಒಬ್ಬರಾದರೂ ಕೇಳಬೇಕಲ್ಲ! ಈ ಸರ್ವೇ ಯಾರು ಮಾಡಿಸುತ್ತಿದ್ದಾರೆ ಎಂದು ನಾನೇ ಕೇಳಿದೆ. "ನಿಮಗ್ಯಾಕೆ ಮೇಡಂ ಅದೆಲ್ಲ? ಓದಿ, ಅಷ್ಟೆ," ಎಂದರು ಸೂಪರ್‌ವೈಸರ್. ಏನೋ ಮಸಲತ್ತಿದೆ.

ಮಾರ್ಚ್ 6, ಸಂಜೆ
ಅಮ್ಮನ ಮನೆಗೆ ಹೋದೆ. ಪಕ್ಕದ ಟೈಲರಮ್ಮ ಬಂದಿದ್ದರು. ಅವರ ಮಗನನ್ನು ಎತ್ತಿಕೊಂಡು ಹೋಗಿ ಮೂರು ತಿಂಗಳು. ಪೊಲೀಸರು ಹಿಡಿದೇ ಇಲ್ಲ ಎನ್ನುತ್ತಾರೆ. ಕಿಟಕಿಯಿಂದ ಕಂಡವಳು ಅಮ್ಮ ಒಬ್ಬಳೇ. ಸರ್ವೇಯಲ್ಲಿ ಕೇಳುವ ಅದೇ ಅಭಿಯಾನದವರ ಜೊತೆ ಹೋಗಿ ಸೋಮವಾರ ತನಿಖಾ ಆಯೋಗದ ಮುಂದೆ ಹೇಳುವುದಾಗಿ ಮಾತು ಕೊಟ್ಟಿದ್ದಾಳೆ. ಸಾಕ್ಷಿ ಕೇಳುವುದು ಅದೊಂದೇ ದಿನ. ಕರೆದೊಯ್ಯಲು ಕಾರು ಬರುತ್ತದಂತೆ.
"ಕಾರು ಯಾರ್ದು?" — ನನ್ನ ಬಾಯಿಂದಲೇ ಬಂತು.
ಟೈಲರಮ್ಮನ ಮುಖ ಸಪ್ಪಗಾಯಿತು. "ನನ್ನ ತಮ್ಮಂದೇ ಕಣಮ್ಮ."
ಥೂ, ನನ್ನ ಬುದ್ಧಿಗಿಷ್ಟು... ದಿನವಿಡೀ ಓದಿ ಓದಿ ನನಗೂ ಆ ಅನುಮಾನ ಅಂಟಿಕೊಂಡಿದೆ.

ಮಾರ್ಚ್ 7, ಮಧ್ಯಾಹ್ನ
ಲಿಸ್ಟಿನಲ್ಲಿ ಅಮ್ಮನ ನಂಬರ್. ಸರದಿ ಹಳದಿಯದು. ಬೆನ್ನ ಹಿಂದೆಯೇ ಸೂಪರ್‌ವೈಸರ್, ಕಿವಿಗೆ ಹೆಡ್‌ಫೋನ್. ಓದಿದೆ. ಒಂದಕ್ಷರ ಬಿಡದೆ. ಅಮ್ಮ "ಇಲ್ಲ" ಎಂದಳು. ಧ್ವನಿ ಗುರುತು ಸಿಗಲಿಲ್ಲವೇನೋ. ಟಿಕ್ ಹಾಕಿದೆ. ಸಂಜೆ ಫೋನ್ ಮಾಡೋಣವೆಂದುಕೊಂಡೆ. ಮಾಡಲಿಲ್ಲ. ಒಂದು ಟಿಕ್ ತಾನೇ.

ಮಾರ್ಚ್ 10, ಸೋಮವಾರ
ಅಮ್ಮ ಕಾರು ಹತ್ತಲಿಲ್ಲವಂತೆ. ಟೈಲರಮ್ಮ ಫೋನಿನಲ್ಲಿ ಅತ್ತರು. ಅರ್ಧ ದಿನ ರಜೆ ಹಾಕಿ ಓಡಿದೆ. ಅಷ್ಟರಲ್ಲಿ ಆಯೋಗದವರು ಎದ್ದು ಹೋಗಿದ್ದರು.
"ಸರ್ಕಾರ ಹೇಳಿದ್ದನ್ನೆಲ್ಲ ನಂಬ್ತೀಯೇನಮ್ಮ?" ಎಂದು ರೇಗಿದೆ.
"ಸರ್ಕಾರದ ಮಾತು ನಾನ್ಯಾವತ್ತು ನಂಬಿದೀನಿ? ನಿನ್ನ ಧ್ವನಿ ನಂಗೆ ಗೊತ್ತಾಗಲ್ವಾ? ನೇರವಾಗಿ ಹೇಳೋಕಾಗ್ದೆ ಹೀಗೆ ಎಚ್ಚರಿಸ್ತಿದಾಳೆ ಅಂದ್ಕೊಂಡೆ."
ಪಕ್ಕದ ಮನೆಯಲ್ಲಿ ಹೊಲಿಗೆ ಮಷಿನ್ ಸದ್ದಿಲ್ಲ. ಹೋಗಿ ಹೇಳಬೇಕು — ಅಮ್ಮನ ತಪ್ಪಲ್ಲ, ಫೋನ್ ಮಾಡಿದ್ದು ನಾನು.